ಬಾಹ್ಯ ಬೆಂಬಲ ಅಂದರೆ ಏನು?

ಕೇಳುಗರಿಗೆ ನಮಸ್ಕಾರ. ಈಗಷ್ಟೇ ಅಡಿಕೆ ಧಾರಣೆ ಕೇಳಿ ಮುಗಿಸಿದ್ದೀರಿ, ರೇಡಿಯೋ ಆರಿಸಬೇಡಿ. ಲೋಕಸಭೆ ಲೆಕ್ಕ ಅಡಿಕೆ ಲೆಕ್ಕಕ್ಕಿಂತ ಸುಲಭ. ಒಟ್ಟು 543 ಸೀಟು, 272 ಇದ್ದರೆ ಸರ್ಕಾರ. ಯಾರಿಗೂ ಅಷ್ಟು ಬರಲಿಲ್ಲ ಅಂದರೆ ಪಕ್ಷಗಳು ಕೂಡಿಕೊಳ್ಳಬೇಕು. ಕೂಡಿಕೊಳ್ಳುವುದರಲ್ಲಿ ಎರಡು ಥರ. ಒಂದು, ಒಳಗೆ ಬಂದು ಮಂತ್ರಿಯಾಗಿ ಕೂರುವುದು. ಇನ್ನೊಂದು, ಹೊಸಿಲ ಆಚೆ ನಿಂತು 'ನಡೆಸಿ, ನಾವಿದ್ದೇವೆ' ಅನ್ನುವುದು. ಇದಕ್ಕೆ ಪೇಪರಿನವರು ಬಾಹ್ಯ ಬೆಂಬಲ ಅಂತಾರೆ.

ನಾನು ಹೇಳಲು ಬಂದಿರುವುದು ಒಂದೇ ಮಾತು. ಅದು ಬೆಂಬಲವೇ ಅಲ್ಲ. ಸಾಲಕ್ಕೆ ಜಾಮೀನು ಹಾಕು ಅಂದರೆ ಹಾಕದೆ, ಬ್ಯಾಂಕಿನ ಬಾಗಿಲ ತನಕ ಬಂದು ಬೆನ್ನು ತಟ್ಟಿ ಕಳಿಸುವ ನೆಂಟರಿರುತ್ತಾರಲ್ಲ, ಅದು.

1979ರಲ್ಲಿ ಚರಣ್ ಸಿಂಗ್ ಪ್ರಧಾನಿಯಾದರು, ಕಾಂಗ್ರೆಸ್ ಬೆಂಬಲ ಹಿಂತೆಗೆಯಿತು, ಪ್ರಧಾನಿಯಾಗಿ ಲೋಕಸಭೆಯನ್ನು ಒಂದು ದಿನವೂ ಎದುರಿಸದೆ ರಾಜೀನಾಮೆ ಕೊಟ್ಟರು. ಅದಿರಲಿ, ನನಗೆ ಇಷ್ಟವಾದ ಕಥೆ ಚಂದ್ರಶೇಖರ್ ಅವರದು.

1990ರ ನವೆಂಬರ್. ಪ್ರಧಾನಿಯಾದ ಚಂದ್ರಶೇಖರ್ ಹಿಂದೆ ಇದ್ದದ್ದು ಸುಮಾರು 60 ಸಂಸದರು. ಹೊರಗೆ ನಿಂತಿದ್ದ ರಾಜೀವ್ ಗಾಂಧಿಯವರ ಹಿಂದೆ ಅದರ ಮೂರರಷ್ಟು! ಸವಾರನಿಗಿಂತ ಲಗಾಮು ಹಿಡಿದವರು ದೊಡ್ಡವರು. ಪೂರ್ತಿ ಬಜೆಟ್ ಮಂಡಿಸುವುದಕ್ಕೂ ಕಾಂಗ್ರೆಸ್ ಒಪ್ಪಲಿಲ್ಲ. ನಾಲ್ಕು ತಿಂಗಳು ಆಗುವಷ್ಟರಲ್ಲಿ, ದೆಹಲಿಯಲ್ಲಿ ರಾಜೀವ್ ಮನೆ ಹತ್ತಿರ ಹರಿಯಾಣದ ಇಬ್ಬರು ಪೊಲೀಸ್ ಪೇದೆಗಳು ಸಿಕ್ಕಿಬಿದ್ದರು. ಬೇಹುಗಾರಿಕೆ ಅಂತ ಕಾಂಗ್ರೆಸ್ಸಿನವರ ಗಲಾಟೆ, ಸದನಕ್ಕೆ ಬಹಿಷ್ಕಾರ. ಸ್ವಲ್ಪ ಬಗ್ಗುತ್ತಾರೆ ಅಂದುಕೊಂಡಿದ್ದರೋ ಏನೋ, ಚಂದ್ರಶೇಖರ್ ಬಗ್ಗುವ ಪೈಕಿ ಅಲ್ಲ. 1991ರ ಮಾರ್ಚ್ 6ರಂದು ಲೋಕಸಭೆಗೆ ಹೋಗಿ ರಾಜೀನಾಮೆ ಹೇಳಿ ಬಂದರು.

ಆಗ ನಾನು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, 'ಸಾರ್, ಇಬ್ಬರು ಪೇದೆಗಳಿಗೆ ದೇಶದ ಸರ್ಕಾರ ಬೀಳುತ್ತಾ?' ಅಂದ. ಪೇದೆಗಳಿಗೆ ಬೀಳಲಿಲ್ಲಪ್ಪ, ಅವರು ಬರೀ ನೆಪ, ಹೊರಗೆ ನಿಂತವರಿಗೆ ಹೊರಡಲು ಚಪ್ಪಲಿ ಹುಡುಕುವ ಕೆಲಸವೂ ಇರುವುದಿಲ್ಲ ಅಂದೆ. ಕ್ಲಾಸು ನಕ್ಕಿತು. ನಗುವ ವಿಷಯ ಆಗಿರಲಿಲ್ಲ. ವಿದೇಶಿ ವಿನಿಮಯ ಬರಿದಾಗುತ್ತಿತ್ತು, ಆ ಮೇ ತಿಂಗಳಲ್ಲಿ ಉಸ್ತುವಾರಿ ಸರ್ಕಾರ ಇದ್ದಾಗಲೇ ದೇಶದ ಚಿನ್ನ ಹೊರಗೆ ಹೋಯಿತು.

ಅಯ್ಯೋ, ಸಮಯ ಓಡುತ್ತಿದೆ. ನಮ್ಮ ದೇವೇಗೌಡರ ವಿಷಯಕ್ಕೆ ಬೇಗ ಬರುತ್ತೇನೆ. 1996ರಲ್ಲಿ ಬಿಜೆಪಿಗೆ 161, ಕಾಂಗ್ರೆಸ್‌ಗೆ 140, ಜನತಾದಳಕ್ಕೆ 46. ಆ 46ರಲ್ಲಿ 16 ಕರ್ನಾಟಕದ್ದೇ. ವಾಜಪೇಯಿ ಸರ್ಕಾರ 13 ದಿನಕ್ಕೆ ಮುಗಿಯಿತು. ಜೂನ್ 1ಕ್ಕೆ ಗೌಡರ ಪ್ರಮಾಣವಚನ. ಸಿಪಿಐ ಒಳಗೆ ಬಂದು ಇಂದ್ರಜಿತ್ ಗುಪ್ತ ಗೃಹಮಂತ್ರಿಯಾದರು, ಕಾಂಗ್ರೆಸ್ ಹೊರಗೇ ಉಳಿಯಿತು. 1997ರ ಫೆಬ್ರವರಿ ಕೊನೆಗೆ ಬಜೆಟ್, ಮಾರ್ಚ್ 30ಕ್ಕೆ ಕಾಂಗ್ರೆಸ್ ಅಧ್ಯಕ್ಷ ಸೀತಾರಾಂ ಕೇಸರಿಯವರ ಪತ್ರ: ಬೆಂಬಲ ವಾಪಸ್. ಬಜೆಟ್ ಪಾಸಾಗುವವರೆಗೂ ತಡೆಯಲಿಲ್ಲ, ನೋಡಿ! ಆಮೇಲೆ ಬಂದ ಗುಜ್ರಾಲರಿಗೂ ಅದೇ ವರ್ಷ ನವೆಂಬರಿನಲ್ಲಿ ಅದೇ ಗತಿ.

1999ರಲ್ಲಿ ವಾಜಪೇಯಿಯವರಿಗೆ ಕೈ ಕೊಟ್ಟ ಜಯಲಲಿತಾ ಪಕ್ಷದವರು ಒಳಗೇ ಇದ್ದರಲ್ಲ ಅಂತ ಯಾರೋ ಕೇಳುತ್ತೀರಿ, ಗೊತ್ತು. ಒಂದೇ ವೋಟಿನಿಂದ ಸರ್ಕಾರ ಬಿದ್ದ ಆ ಕಥೆಗೆ ಇನ್ನೊಂದು ದಿನ ಬೇಕು. 2008ರಲ್ಲಿ ಅಮೆರಿಕದ ಜೊತೆಗಿನ ಅಣು ಒಪ್ಪಂದ ಬೇಡ ಅಂತ ಮನಮೋಹನ್ ಸಿಂಗ್ ಸರ್ಕಾರವನ್ನು ಬಿಟ್ಟು ಎಡಪಕ್ಷಗಳು ಎದ್ದು ಹೋದದ್ದಂತೂ ಹೊರಗಿನಿಂದಲೇ.

2024ರಲ್ಲಿ ಬಿಜೆಪಿಗೆ 240. ತೆಲುಗುದೇಶಂ 16, ಜೆಡಿಯು 12, ಇಬ್ಬರೂ ಒಳಗೆ ಬಂದು ಮಂತ್ರಿಗಿರಿ ತೆಗೆದುಕೊಂಡರು. ಜೆಡಿಎಸ್‌ಗೆ ಬಂದದ್ದು ಎರಡೇ ಸೀಟು. ಕುಮಾರಸ್ವಾಮಿಯವರೂ ಒಳಗೇ ಹೋಗಿ ಕೂತರು, ಭಾರೀ ಕೈಗಾರಿಕೆ ಮತ್ತು ಉಕ್ಕು ಖಾತೆ ಸಿಕ್ಕಿತು. ಅಪ್ಪನಿಗೆ 1997ರಲ್ಲಿ ಏನಾಯಿತು ಅಂತ ಅವರಿಗೆ ನಾನು ಹೇಳಬೇಕಿಲ್ಲ, ಅಲ್ವಾ?

ನಮಸ್ಕಾರ.