ಕ್ಯಾಮೆರಾ ಕೈಯಲ್ಲಿ, ಬ್ಯಾಟರಿ ಬೇರೆ ಚೀಲದಲ್ಲಿ

ಕೇಳುಗರಿಗೆ ನಮಸ್ಕಾರ.

ದಾವಣಗೆರೆ, ಚಿತ್ರದುರ್ಗದ ಫೋಟೊಗ್ರಾಫರುಗಳು ಈಗ ಮದುವೆ ಆರ್ಡರ್ ಹಿಡಿದು ಗೋವಾ, ಹೈದರಾಬಾದ್, ದಿಲ್ಲಿವರೆಗೂ ಹೋಗಿಬರುತ್ತಾರೆ. ಜಗಳೂರಿನ ರಂಗಯ್ಯನದುರ್ಗದ ಕಾಡಿನಲ್ಲಿ ನಾಲ್ಕು ಕೊಂಬಿನ ಕೊಂಡುಕುರಿಗಾಗಿ ಕಾದು ಕೂರುವವರು, ಚನ್ನಗಿರಿಯ ಸೂಳೆಕೆರೆ ದಂಡೆಯಲ್ಲಿ ಹಕ್ಕಿಗಳ ಫೋಟೊ ತೆಗೆಯುವವರು ರಜೆ ಸಿಕ್ಕರೆ ಭರತಪುರಕ್ಕೋ ಕಾಜಿರಂಗಕ್ಕೋ ಹೊರಟುಬಿಡುತ್ತಾರೆ. ರೈಲಿನಲ್ಲಾದರೆ ಕ್ಯಾಮೆರಾ ಚೀಲ ಮಡಿಲಲ್ಲೇ ಇರುತ್ತದೆ, ಯಾರೂ ತೂಕ ಕೇಳುವುದಿಲ್ಲ. ವಿಮಾನದಲ್ಲಿ ಹಾಗಲ್ಲ. ಅಲ್ಲಿ ಚೀಲ ನಿಮ್ಮ ಕೈಬಿಡುವ ಗಳಿಗೆಗಳಿವೆ: ತಕ್ಕಡಿಯ ಮೇಲೆ, ಎಕ್ಸ್‌ರೇ ಬೆಲ್ಟಿನ ಮೇಲೆ, ಕೆಲವೊಮ್ಮೆ ವಿಮಾನದ ಮೆಟ್ಟಿಲ ಬುಡದಲ್ಲಿ. ಅವನ್ನು ನೆನಪಿಟ್ಟುಕೊಂಡೇ ಮನೆಯಲ್ಲಿ ಚೀಲ ತುಂಬಬೇಕು.

ಮೊದಲು ತೂಕ. ದೇಶದೊಳಗಿನ ಎಕಾನಮಿ ಟಿಕೆಟಿಗೆ ಕೈಚೀಲದ ಮಿತಿ ಸಾಮಾನ್ಯವಾಗಿ 7 ಕಿಲೊ. ಮದುವೆ ಕೆಲಸದ ಸಾಮಾನು ಲೆಕ್ಕ ಹಾಕಿ ನೋಡಿ. ಒಳ್ಳೆಯ ಬೆನ್ನುಚೀಲ ಖಾಲಿಯಿದ್ದಾಗಲೇ 1.8 ಕಿಲೊ. ಎರಡು ಫುಲ್‌ಫ್ರೇಮ್ ಬಾಡಿಗಳು, ಅಂದರೆ ಲೆನ್ಸ್ ಹಾಕಿರದ ಕ್ಯಾಮೆರಾಗಳು, 1.4 ಕಿಲೊ. 24-70 ಎಂಎಂ ಲೆನ್ಸ್ ಸುಮಾರು 900 ಗ್ರಾಂ, ದೂರದ್ದನ್ನು ಹತ್ತಿರ ತೋರಿಸುವ 70-200 ಎಂಎಂ ಲೆನ್ಸ್ ಸುಮಾರು 1.1 ಕಿಲೊ. ಎರಡು ಫ್ಲ್ಯಾಶ್ ಸೇರಿ ಒಂದು ಕಿಲೊ. ತಲಾ 80 ಗ್ರಾಮಿನ ಆರು ಬ್ಯಾಟರಿ ಹಾಕಿದರೆ ಹತ್ತಿರ ಹತ್ತಿರ ಅರ್ಧ ಕಿಲೊ. ಅಲ್ಲಿಗೆ 6.7 ಆಯಿತು. ಚಾರ್ಜರು, ಕಾರ್ಡುಗಳನ್ನು ಇಡುವಷ್ಟರಲ್ಲಿ ಏಳು ತುಂಬಿತು, ಲ್ಯಾಪ್‌ಟಾಪ್ ಇನ್ನೂ ಹೊರಗೇ ಇದೆ. ಗಾಲಿ ಇರುವ ಕ್ಯಾಮೆರಾ ಟ್ರಾಲಿ ತಗೊಂಡರೆ ಖಾಲಿ ಚೀಲದ ತೂಕವೇ ಮೂರೂವರೆ ಕಿಲೊ ದಾಟಬಹುದು. ಅಂದರೆ ಅರ್ಧ ಮಿತಿ ಗಾಲಿಗೇ ಹೋಯಿತು. ಅದಕ್ಕೇ ಈ ಕೆಲಸಕ್ಕೆ ಬೆನ್ನುಚೀಲವೇ ಮೇಲು. ಲ್ಯಾಪ್‌ಟಾಪ್ ಚೀಲವನ್ನು ಪ್ರತ್ಯೇಕವಾಗಿ ಒಯ್ಯಲು ಅನೇಕ ಕಂಪನಿಗಳು ಬಿಡುತ್ತವೆ. ಅದಕ್ಕೂ ತೂಕದ ಮಿತಿ ಉಂಟು, ಟಿಕೆಟ್ ಮಾಡುವಾಗಲೇ ಓದಿಕೊಳ್ಳಿ. ಕೊಕ್ಕೆಗೆ ನೇತುಹಾಕುವ ಸಣ್ಣ ಡಿಜಿಟಲ್ ತಕ್ಕಡಿ ಮನೆಯಲ್ಲಿದ್ದರೆ ಕೌಂಟರಿನ ಮುಂದೆ ಚೀಲ ಬಿಚ್ಚಿ ಹರಡುವ ಪಾಡು ಬರುವುದಿಲ್ಲ.

ಭಾರ ಹೆಚ್ಚಾಯಿತೆಂದು ಕೌಂಟರಿನಲ್ಲಿ ಒಪ್ಪಿಸುವ ಚೆಕ್-ಇನ್ ಲಗೇಜಿಗೆ ಏನನ್ನು ಹಾಕುವುದು? ಚಾರ್ಜರು, ಕೇಬಲ್ಲು, ಲೈಟ್ ಸ್ಟ್ಯಾಂಡು, ಬೆಳಕನ್ನು ಮೆದುವಾಗಿಸುವ ಸಾಫ್ಟ್‌ಬಾಕ್ಸು, ಟ್ರೈಪಾಡು. ಬ್ಯಾಟರಿ ತೆಗೆದ ಫ್ಲ್ಯಾಶ್ ಕೂಡ ಬಟ್ಟೆಯಲ್ಲಿ ಸುತ್ತಿ ಹಾಕಬಹುದು. ಬಾಡಿ, ಲೆನ್ಸ್ ಮಾತ್ರ ಬೇಡ. ಬೆಲ್ಟಿನಿಂದ ಬೆಲ್ಟಿಗೆ ಬೀಳುವ ಪೆಟ್ಟಿಗೆಯೊಳಗೆ ಲೆನ್ಸಿನ ಗಾಜು ಒಡೆಯದಿದ್ದರೂ ಒಳಗಿನ ಜೋಡಣೆ ಕೂದಲೆಳೆಯಷ್ಟು ಸರಿದರೆ ಸಾಕು, ಫೋಟೊದ ಒಂದು ಮಗ್ಗುಲು ಮಸುಕಾಗುತ್ತದೆ. ಅದು ಗೊತ್ತಾಗುವುದು ಮುಹೂರ್ತ ಮುಗಿದು ಕಂಪ್ಯೂಟರಿನಲ್ಲಿ ನೋಡುವಾಗ.

ಈಗ ಬ್ಯಾಟರಿ. ಇಲ್ಲಿ ತಪ್ಪುವವರೇ ಜಾಸ್ತಿ. ಬಿಡಿ, ಅಂದರೆ ಕ್ಯಾಮೆರಾಕ್ಕೆ ಹಾಕಿರದ, ಲಿಥಿಯಂ ಬ್ಯಾಟರಿ ಮತ್ತು ಪವರ್ ಬ್ಯಾಂಕನ್ನು ಚೆಕ್-ಇನ್ ಲಗೇಜಿಗೆ ಹಾಕುವಂತೆಯೇ ಇಲ್ಲ, ಕೈಚೀಲದಲ್ಲೇ ಇರಬೇಕು. ಕಾರಣ ಸರಳ. ಲಿಥಿಯಂ ಬ್ಯಾಟರಿ ಒಳಗೇ ಬಿಸಿಯೇರಿ ಹೊತ್ತಿಕೊಂಡರೆ ಆ ಬಿಸಿಯೇ ಇನ್ನಷ್ಟು ಬಿಸಿ ಹುಟ್ಟಿಸುತ್ತದೆ. ಕ್ಯಾಬಿನ್‌ನಲ್ಲಾದರೆ ಹೊಗೆ ಕಣ್ಣಿಗೆ ಬೀಳುತ್ತದೆ, ಸಿಬ್ಬಂದಿ ನೀರು ಸುರಿದು ತಣಿಸುತ್ತಾರೆ. ಕೆಳಗಿನ ಸರಕು ಕೋಣೆಗೆ ಹಾರಾಟದ ನಡುವೆ ಯಾರೂ ಹೋಗಲಾಗದು. ಅಲ್ಲಿನ ಬೆಂಕಿ ನಂದಿಸುವ ಅನಿಲ ಜ್ವಾಲೆಯನ್ನು ಅಡಗಿಸೀತು, ಬ್ಯಾಟರಿಯೊಳಗಿನ ಆ ಕ್ರಿಯೆಯನ್ನು ನಿಲ್ಲಿಸಲಾರದು.

ಮಿತಿಯನ್ನು ಅಳೆಯುವುದು ವ್ಯಾಟ್-ಅವರ್ ಲೆಕ್ಕದಲ್ಲಿ, ಅಂದರೆ ಬ್ಯಾಟರಿ ಎಷ್ಟು ಶಕ್ತಿ ಹಿಡಿಯುತ್ತದೆ ಎಂಬ ಲೆಕ್ಕದಲ್ಲಿ. ಬ್ಯಾಟರಿ ಮೇಲಿನ ಎಂಎಎಚ್ (mAh) ಅಂಕಿಯನ್ನು 1000ದಿಂದ ಭಾಗಿಸಿ, ವೋಲ್ಟಿನಿಂದ ಗುಣಿಸಿ. 7.2 ವೋಲ್ಟಿನ 2000 ಎಂಎಎಚ್ ಕ್ಯಾಮೆರಾ ಬ್ಯಾಟರಿ 14.4 ವ್ಯಾಟ್-ಅವರ್. 100ರವರೆಗೆ ಅನುಮತಿ ಕೇಳಬೇಕಿಲ್ಲ. 100ರಿಂದ 160ರ ನಡುವಿನದ್ದಕ್ಕೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, ಬಿಡಿಯಾಗಿ ಎರಡೇ ಒಯ್ಯಬಹುದು. 160 ದಾಟಿದರೆ ಪ್ರಯಾಣಿಕರು ಒಯ್ಯುವಂತಿಲ್ಲ. ವಿಡಿಯೊದವರು ಕ್ಯಾಮೆರಾ ಹಿಂದೆ ಸಿಕ್ಕಿಸುವ ದೊಡ್ಡ ವಿ-ಮೌಂಟ್ ಬ್ಯಾಟರಿ 14.8 ವೋಲ್ಟ್, 6600 ಎಂಎಎಚ್ ಆದರೆ 98ರ ಹತ್ತಿರ ನಿಲ್ಲುತ್ತದೆ, ಸರಿ. ಪವರ್ ಬ್ಯಾಂಕಿನಲ್ಲಿ ಹಲವರು 5 ವೋಲ್ಟಿನಿಂದ ಗುಣಿಸಿ ಗಾಬರಿಯಾಗುತ್ತಾರೆ. ಅದರ ಮೇಲೆ ಬರೆದ 20,000 ಎಂಎಎಚ್ ಸಾಮಾನ್ಯವಾಗಿ ಒಳಗಿನ 3.7 ವೋಲ್ಟಿನ ಸೆಲ್ಲಿಗೆ ಸೇರಿದ ಅಂಕಿ. ಹಾಗಾಗಿ 74 ವ್ಯಾಟ್-ಅವರ್ ಅಷ್ಟೇ. ಅಕ್ಷರ ಅಳಿಸಿಹೋದ ಅಗ್ಗದ ಬ್ಯಾಟರಿ ತರಬೇಡಿ. ಅಂಕಿ ಓದಲಾಗದಿದ್ದರೆ ಭದ್ರತೆಯವರು ತೆಗೆದಿಡುತ್ತಾರೆ, ವಾದಿಸಿ ಫಲವಿಲ್ಲ. ಉಬ್ಬಿದ ಬ್ಯಾಟರಿಯಂತೂ ಮನೆಯಿಂದಲೇ ಹೊರಡಕೂಡದು.

ಒಂದೊಂದು ಬ್ಯಾಟರಿಗೂ ಅದರ ಪ್ಲಾಸ್ಟಿಕ್ ಮುಚ್ಚಳ ಹಾಕಿ. ಮುಚ್ಚಳ ಕಳೆದಿದ್ದರೆ ಬ್ಯಾಟರಿಯ ಲೋಹದ ತುದಿಗಳ ಮೇಲೆ ಟೇಪ್ ಅಂಟಿಸಿ. ಅದೇ ಜೇಬಿನಲ್ಲಿ ಬೀಗದ ಕೈಯೋ ಐದು ರೂಪಾಯಿ ನಾಣ್ಯವೋ ಇದ್ದು ಎರಡೂ ತುದಿಗೆ ತಾಗಿದರೆ ಶಾರ್ಟ್ ಆಗುತ್ತದೆ. ಎಲ್ಲವನ್ನೂ ಒಂದು ಪಾರದರ್ಶಕ ಜಿಪ್ ಚೀಲಕ್ಕೆ ಹಾಕಿ, ಆ ಚೀಲವನ್ನು ಬೆನ್ನುಚೀಲದ ಹೊರಜೇಬಿನಲ್ಲಿಡಿ. ಒಂದೇ ಕೈಯಲ್ಲಿ ಎಳೆದು ತೆಗೆಯುವಂತಿರಬೇಕು.

ಯಾಕೆ ಅಂತೀರಾ? ನಮಗೆ ಊರಲ್ಲಿ ವಿಮಾನ ನಿಲ್ದಾಣವಿಲ್ಲ. ಬೆಂಗಳೂರಿಗೆ ಹೋಗಬೇಕು, ಇಲ್ಲವೇ ಹುಬ್ಬಳ್ಳಿಗೆ, 2023ರಲ್ಲಿ ಶುರುವಾದ ಶಿವಮೊಗ್ಗದ ಸೋಗಾನೆಗೆ. ಚಿಕ್ಕ ನಿಲ್ದಾಣಗಳಿಂದ ಹಾರುವ ಎಟಿಆರ್ ಎಂಬ ಸಣ್ಣ ಪ್ರೊಪೆಲ್ಲರ್ ವಿಮಾನದಲ್ಲಿ ತಲೆ ಮೇಲಿನ ಗೂಡು ತೀರಾ ಕಿರಿದು. ದೊಡ್ಡ ವಿಮಾನದಲ್ಲಿ ಹಿಡಿಸುವ ಚೀಲ ಅಲ್ಲಿ ಹಿಡಿಸುವುದಿಲ್ಲ. ಮೆಟ್ಟಿಲ ಬಳಿಯೇ ಇಸಿದುಕೊಂಡು ಹಿಂದೆ ಹಾಕುತ್ತಾರೆ. ಆ ಕ್ಷಣಕ್ಕೆ ನಿಮ್ಮ ಕೈಚೀಲ ಲಗೇಜ್ ಆಯಿತು. ಬ್ಯಾಟರಿ, ಪವರ್ ಬ್ಯಾಂಕ್ ಹೊರಗೆ ಬರಲೇಬೇಕು. ಹಿಂದೆ ಜನ ಸಾಲುಗಟ್ಟಿರುವಾಗ ಬಿಸಿಲಲ್ಲಿ ಮೂಲೆ ಮೂಲೆ ತಡಕುವುದಕ್ಕಿಂತ ಜಿಪ್ ಚೀಲ ಎಳೆದು ಜೇಬಿಗಿಳಿಸುವುದು ಲೇಸು. ಚೀಲ ಮೆತ್ತನೆಯದಾಗಿದ್ದರೆ ಮುಂದಿನ ಸೀಟಿನ ಅಡಿಗೂ ಹೋದೀತು. ಆದರೆ ತುರ್ತು ಬಾಗಿಲಿನ ಸಾಲಿನಲ್ಲಿ ಕಾಲ ಬಳಿ ಚೀಲ ಇಡಲು ಬಿಡುವುದಿಲ್ಲ, ಆ ಸೀಟು ಆರಿಸಬೇಡಿ.

ಎಕ್ಸ್‌ರೇ ಹತ್ತಿರ ಚೀಲ ಪದೇಪದೇ ವಾಪಸ್ ಬರುವುದಕ್ಕೂ ಕಾರಣವಿದೆ. ಲೆನ್ಸಿನ ಮೇಲೆ ಲೆನ್ಸ್, ಅದರ ಮೇಲೆ ಚಾರ್ಜರ್ ಇಟ್ಟರೆ ಗಾಜೂ ಲೋಹವೂ ಒಂದರ ಮೇಲೊಂದು ಬಿದ್ದು ಪರದೆಯ ಮೇಲೆ ಕಪ್ಪು ಗಟ್ಟಿಯಾಗಿ ಕಾಣುತ್ತದೆ. ಕೆಳಗೇನಿದೆಯೋ ನೋಡುವವರಿಗೆ ತಿಳಿಯುವುದಿಲ್ಲ. ಒಂದೇ ಪದರದಲ್ಲಿ ಹರಡಿ. ಬಾಡಿ, ಲ್ಯಾಪ್‌ಟಾಪ್, ಬ್ಯಾಟರಿ ಚೀಲವನ್ನು ಟ್ರೇಗೆ ತೆಗೆದಿಡಿ. ಟ್ರೇಯೊಳಗೆ ಮೊದಲು ಒಂದು ಟವೆಲ್ ಹಾಸಿ. ರೋಲರಿನ ಕೊನೆಯಲ್ಲಿ ಹಿಂದಿನ ಟ್ರೇ ಬಂದು ಗುದ್ದುತ್ತದೆ. ನಿಮ್ಮನ್ನು ತಪಾಸಣೆಗೆ ಕರೆಯುವ ಸರದಿ ಬರುವವರೆಗೆ ಟ್ರೇ ಒಳಗೆ ತಳ್ಳಬೇಡಿ. ಇಲ್ಲದಿದ್ದರೆ ಕ್ಯಾಮೆರಾ ಆಚೆ, ನೀವು ಈಚೆ.

ಟ್ರೈಪಾಡ್ ಪ್ಲೇಟಿನ ಅಲೆನ್ ಕೀ, ಸ್ಕ್ರೂಡ್ರೈವರ್ ಲಗೇಜಿಗೆ. ಧೂಳು ಊದುವ ರಬ್ಬರ್ ಬ್ಲೋವರ್ ಕೈಯಲ್ಲಿರಬಹುದು, ಒತ್ತಡದ ಗಾಳಿಯ ಡಬ್ಬಿ ಎಲ್ಲಿಯೂ ಸಲ್ಲದು. ಫಿಲ್ಮ್ ರೋಲ್ ಬಳಸುವವರು ಅದನ್ನು ಲಗೇಜಿಗೆ ಹಾಕಲೇಬೇಡಿ, ಅಲ್ಲಿನ ಎಕ್ಸ್‌ರೇ ಹೆಚ್ಚು ಬಿರುಸು. ಕೈಚೀಲಕ್ಕೂ ಬಿರುಸಿನ ಎಕ್ಸ್‌ರೇ ಬಿಡುವ ಸಿಟಿ ಸ್ಕ್ಯಾನರ್ ಇರುವ ಕಡೆ ಕೈಯಿಂದಲೇ ನೋಡಿ ಎಂದು ಕೇಳಿಕೊಳ್ಳಿ. ಮೆಮೊರಿ ಕಾರ್ಡಿಗೆ ಎಕ್ಸ್‌ರೇ ಏನೂ ಮಾಡುವುದಿಲ್ಲ.

ಹೊರದೇಶಕ್ಕೆ ಹೊರಟಿದ್ದರೆ ಬಾಡಿ, ಲೆನ್ಸುಗಳ ಸೀರಿಯಲ್ ನಂಬರ್ ಪಟ್ಟಿ ಮತ್ತು ಬಿಲ್ಲು ಹಿಡಿದು ಕಸ್ಟಮ್ಸ್‌ನಲ್ಲಿ ರಫ್ತು ಪ್ರಮಾಣಪತ್ರ ಮಾಡಿಸಿ. ವಾಪಸ್ ಬರುವಾಗ ಅಲ್ಲೇ ಕೊಂಡಿದ್ದೆಂದು ಸುಂಕ ಕೇಳುವುದಿಲ್ಲ. ವಸ್ತುವನ್ನು ತೋರಿಸಬೇಕಾಗುತ್ತದೆ, ಅದಕ್ಕೂ ಅದು ಕೈಯಲ್ಲೇ ಇರಬೇಕು.

ಮರಳುವ ಹಾದಿಯಲ್ಲಿ ಬೆಲೆ ತಿರುವುಮುರುವಾಗುತ್ತದೆ. ಈಗ ಕ್ಯಾಮೆರಾಕ್ಕಿಂತ ಕಾರ್ಡುಗಳು ದೊಡ್ಡವು. ಮಾಂಗಲ್ಯಧಾರಣೆಯನ್ನು ಮತ್ತೊಮ್ಮೆ ಮಾಡಿಸಲಾಗದು. ಹೊರಡುವ ಮುಂಚಿನ ರಾತ್ರಿಯೇ ಒಂದು ಪ್ರತಿ ಹಾರ್ಡ್ ಡಿಸ್ಕಿಗೆ ಇಳಿಸಿ. ಕಾರ್ಡುಗಳ ಪುಟ್ಟ ಪೆಟ್ಟಿಗೆ ನಿಮ್ಮ ಅಂಗಿಯ ಜಿಪ್ ಜೇಬಿನಲ್ಲಿ, ಡಿಸ್ಕು ಜೊತೆಗಾರನ ಚೀಲದಲ್ಲಿ ಇರಲಿ.