ಬಿವಿಎ ಮುಗಿಸಿದವರು ಮುಂದೆ ಏನಾಗುತ್ತಾರೆ?

ಎಲ್ಲರಿಗೂ ನಮಸ್ಕಾರ.

ಬಿವಿಎ, ಅಂದರೆ ದೃಶ್ಯಕಲೆಯ ಪದವಿ, ಓದಿಸಲು ಚಿತ್ರಕಲಾ ಕಾಲೇಜಿಗೆ ಮಕ್ಕಳನ್ನು ಸೇರಿಸಲು ಬರುವ ತಂದೆತಾಯಿ ಮೊದಲು ಕೇಳುವುದು ಇದನ್ನೇ: “ಇದನ್ನ ಓದಿದ್ರೆ ಏನು ಕೆಲಸ ಸಿಗುತ್ತೆ ಸಾರ್?” ನ್ಯಾಯವಾದ ಪ್ರಶ್ನೆ. ವರ್ಷಗಟ್ಟಲೆ ಓದಿಸಬೇಕು. ಫೀಸು ಕಟ್ಟಿದರೆ ಮುಗಿಯುವುದಿಲ್ಲ. ಬಣ್ಣ, ಬ್ರಷ್ಷು, ಕ್ಯಾನ್ವಾಸು ಅಂತ ಖರ್ಚು ಬರುತ್ತಲೇ ಇರುತ್ತದೆ.

ಕೇಂದ್ರ ಸರ್ಕಾರ 2016ರಿಂದ ಎನ್‌ಐಆರ್‌ಎಫ್ ಹೆಸರಿನಲ್ಲಿ ವಿದ್ಯಾಸಂಸ್ಥೆಗಳಿಗೆ ರ‍್ಯಾಂಕ್ ಕೊಡುತ್ತಿದೆ. ಓದು ಮುಗಿಸಿದವರಿಗೆ ಕೆಲಸ ಸಿಕ್ಕಿತೇ, ಮುಂದೆ ಓದಿದರೇ ಎಂದು ಅದು ಕೇಳುತ್ತದೆ. ಹೆಣ್ಣುಮಕ್ಕಳು ಎಷ್ಟು, ಬಡವರು ಎಷ್ಟು, ಬೇರೆ ರಾಜ್ಯದವರು ಎಷ್ಟು ಎಂದೂ ಕೇಳುತ್ತದೆ. ಎರಡೂ ಬೇಕಾದ ಪ್ರಶ್ನೆಗಳೇ. ಆದರೆ ಎರಡಕ್ಕೂ ಬೇರೆ ಬೇರೆ ಕಾಲಂ. ಕಲಾಶಾಲೆಯಲ್ಲಿ ಇವನ್ನು ಬಿಡಿಸಿ ನೋಡಲು ಆಗುವುದಿಲ್ಲ ಎಂಬುದೇ ನನ್ನ ಮಾತು.

ಮೈಸೂರಿನ ಸರ್ಕಾರಿ ಕಲಾಶಾಲೆ ಕಾವಾವನ್ನೇ ನೋಡಿ. ಪಕ್ಕದ ಕೇರಳದ ವಯನಾಡಿನ ಹುಡುಗ ಅಲ್ಲಿ ಸೇರಿದರೆ ‘ಬೇರೆ ರಾಜ್ಯ’ದ ಲೆಕ್ಕಕ್ಕೆ ಬರುತ್ತಾನೆ. 700 ಕಿ.ಮೀ.ಗೂ ಜಾಸ್ತಿ ದೂರದ ಬೀದರಿನಿಂದ ಬಂದ ಹುಡುಗಿ ಬರುವುದಿಲ್ಲ. ಮರದ ಗೊಂಬೆಗೆ ಹೆಸರಾದ ಕಿನ್ನಾಳದ ಚಿತ್ರಗಾರರ ಮನೆಯ ಹುಡುಗ ಹುಣಸೆಬೀಜದ ಅಂಟು ಕಲಸುತ್ತಾ ಬೆಳೆದಿರಬಹುದು. ಬೆಂಗಳೂರಿನ ಹುಡುಗಿ ಟ್ಯಾಬ್ಲೆಟ್ಟಿನಲ್ಲಿ ಬರೆದು ಬಂದಿರಬಹುದು. ಇವರು ಒಂದೇ ಸ್ಟುಡಿಯೋದಲ್ಲಿ ಪಕ್ಕಪಕ್ಕ ಕೆಲಸ ಮಾಡಿದಾಗ ಒಬ್ಬರ ಕೈ ನೋಡಿ ಇನ್ನೊಬ್ಬರು ಕಲಿಯುವುದು ಎಷ್ಟಿದೆ! ಅದನ್ನು ಯಾವ ಮೇಷ್ಟ್ರೂ ಹೇಳಿಕೊಡಲು ಆಗುವುದಿಲ್ಲ.

ಓದು ಮುಗಿದ ದಿನ ದಾರಿ ಬೇರೆಯಾಗುತ್ತದೆ. ಮನೆಯಲ್ಲಿ ಅನುಕೂಲ ಇದ್ದವರು ಎರಡು ಮೂರು ವರ್ಷ ಸುಮ್ನೆ ಕೂತು ಚಿತ್ರ ಬರೆಯಬಹುದು. ಉಳಿದವರು ಮುಂದಿನ ತಿಂಗಳೇ ಮನೆಗೆ ದುಡ್ಡು ಕಳಿಸಬೇಕು. ಅವರು ಡ್ರಾಯಿಂಗ್ ಮೇಷ್ಟ್ರಾಗುತ್ತಾರೆ, ಸಿನಿಮಾದ ಆರ್ಟ್ ಡಿಪಾರ್ಟ್‌ಮೆಂಟಿಗೆ ಹೋಗುತ್ತಾರೆ, ಆನಿಮೇಷನ್ ಸ್ಟುಡಿಯೋ ಸೇರುತ್ತಾರೆ, ದಸರಾ ಸ್ತಬ್ಧಚಿತ್ರಕ್ಕೆ ರಾತ್ರಿಯಿಡೀ ಥರ್ಮಾಕೋಲ್ ಕೊರೆಯುತ್ತಾರೆ. ಇವೆಲ್ಲ ಗೌರವದ ಕೆಲಸಗಳೇ. ಆದರೆ ಬೇಕೆಂದು ಆರಿಸಿಕೊಳ್ಳುವುದು ಬೇರೆ, ವಿಧಿಯಿಲ್ಲದೆ ಒಪ್ಪಿಕೊಳ್ಳುವುದು ಬೇರೆ, ಅಲ್ವಾ? ಪ್ಲೇಸ್‌ಮೆಂಟ್ ಕಾಲಂನಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ.

ಕಲೆಯಲ್ಲಿ ಫಲ ತಡವಾಗಿ ಬರುತ್ತದೆ. ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ, ಆರ್.ಎಂ. ಹಡಪದ ಅವರು ಬೆಂಗಳೂರಿನಲ್ಲಿ ಕಟ್ಟಿದ ಕೆನ್ ಕಲಾಶಾಲೆಯಲ್ಲಿ ಕಲಿತು 1979ರಲ್ಲಿ ಹೊರಬಂದರು. ಆಮೇಲೆ ಶಾಂತಿನಿಕೇತನ, ಲಂಡನ್. ಅವರ ಕೆಲಸ ಜರ್ಮನಿಯ ಡಾಕ್ಯುಮೆಂಟಾ ಎಂಬ ದೊಡ್ಡ ಕಲಾಪ್ರದರ್ಶನದಲ್ಲಿ ಕಂಡದ್ದು 2007ರಲ್ಲಿ. ಮೊದಲ ವರ್ಷದ ಸಂಬಳ ನೋಡಿ ಇಂಥ ದಾರಿಯನ್ನು ಅಳೆಯುವುದು ಹೇಗೆ?

ಅಮೆರಿಕದಲ್ಲಿ ಸ್ನಾಪ್ ಎಂಬ ಸಮೀಕ್ಷೆಯಿದೆ. ಕಲಾಶಾಲೆ ಬಿಟ್ಟು ಎಷ್ಟೋ ವರ್ಷವಾದವರನ್ನೂ ಅದು ಮಾತಾಡಿಸುತ್ತದೆ. ನಮ್ಮಲ್ಲೂ ಪ್ರತಿ ಕಾಲೇಜು ಹಳೆಯ ವಿದ್ಯಾರ್ಥಿಗಳನ್ನು ಐದನೇ ವರ್ಷ, ಹತ್ತನೇ ವರ್ಷ ಕೇಳಲಿ: ಈಗ ಏನು ಮಾಡುತ್ತಿದ್ದೀರಿ? ಚಿತ್ರ ಬರೆಯುತ್ತಿದ್ದೀರಾ? ಬಿಟ್ಟಿದ್ದರೆ ಯಾಕೆ? ಉತ್ತರದ ಪಕ್ಕದಲ್ಲೇ ಅವರು ಯಾವ ಊರಿನಿಂದ, ಎಂಥ ಮನೆಯಿಂದ ಬಂದವರು ಎಂದೂ ಬರೆದಿಡಲಿ. ಹೆಣ್ಣುಮಕ್ಕಳು ಎಲ್ಲಿ, ಯಾವಾಗ ಬಿಟ್ಟರು ಎಂಬುದನ್ನು ವಿಶೇಷವಾಗಿ ನೋಡಬೇಕು.

ಅಷ್ಟರೊಳಗೆ ಮಾಡಬಹುದಾದ ಕೆಲಸವೂ ಇದೆ. ಬಣ್ಣ ಕೊಳ್ಳಲಾಗದವರಿಗೆ ಕಾಲೇಜಿನಲ್ಲೇ ಸಾಮಗ್ರಿ ಸಿಗಬೇಕು. ಕೊಟೇಶನ್ ಬರೆಯುವುದು, ಅಡ್ವಾನ್ಸ್ ಕೇಳುವುದು, ಕರಾರು ಓದುವುದನ್ನು ಕೊನೆಯ ವರ್ಷ ಕಲಿಸಬೇಕು. ಓದು ಮುಗಿದವರಿಗೆ ಒಂದು ವರ್ಷವಾದರೂ ಸ್ಟುಡಿಯೋ ಬಾಗಿಲು ತೆರೆದಿರಲಿ. ಮನೆಯಲ್ಲಿ ಜಾಗವಿಲ್ಲದವರಿಗೆ ಕೆಲಸ ಮಾಡಲು ಬೇರೆ ಎಲ್ಲಿದೆ ಹೇಳಿ?