‘ಇವರಿಂದ ಏನಾಯಿತು?’ ಎಂದು ಕೇಳಿದವರಿಗೆ

ನಮಸ್ಕಾರ. ಕಳೆದ ಸಂಚಿಕೆಯಲ್ಲಿ ಇಸ್ರೇಲ್–ಈಜಿಪ್ಟ್ ಒಪ್ಪಂದದ ಬಗ್ಗೆ ಮಾತನಾಡಿದ್ದೆ. ಅದರ ಕೆಳಗೆ ಒಬ್ಬರು, ಶಾಂತಿಗಾಗಿ ಒಟ್ಟುಗೂಡಿದ ಇಸ್ರೇಲಿ, ಪ್ಯಾಲೆಸ್ಟೀನಿ ಕುಟುಂಬಗಳ ಬಗ್ಗೆ ಹೀಗೆ ಬರೆದಿದ್ದಾರೆ: ‘ಮಕ್ಕಳನ್ನು ಕಳೆದುಕೊಂಡವರು ಒಟ್ಟಿಗೆ ಕುಳಿತು ಅತ್ತರೆ ಯುದ್ಧ ನಿಲ್ಲುತ್ತದೆಯೇ? ಶಾಂತಿ ಮಾಡುವುದು ಪ್ರಧಾನಿಗಳ ಕೆಲಸ. ಇವರಿಂದ ಏನಾಯಿತು?’ ಎರಡು ದಿನದಿಂದ ಈ ಮಾತು ನನ್ನನ್ನು ಕೊರೆಯುತ್ತಿದೆ. ನೀರಿನ ಒಪ್ಪಂದಗಳ ಬಗ್ಗೆ ಸಿದ್ಧಪಡಿಸಿದ್ದ ಸಂಚಿಕೆಯನ್ನು ಬದಿಗಿಟ್ಟು ಇದಕ್ಕೇ ಕುಳಿತಿದ್ದೇನೆ.

ನಾನು ಹೇಳುವುದು ಒಂದೇ ಮಾತು. ಸಹಿ ಹಾಕುವುದು ನಾಯಕರು. ಆ ಸಹಿಯನ್ನು ಬದುಕಿಸುವುದು ಅಥವಾ ಸಾಯಿಸುವುದು ಜನ.

1977ರ ನವೆಂಬರಿನಲ್ಲಿ ಈಜಿಪ್ಟಿನ ಅಧ್ಯಕ್ಷ ಅನ್ವರ್ ಸಾದತ್ ಜೆರುಸಲೇಮಿಗೇ ಹೋಗಿ ಮಾತನಾಡಿ ಬಂದರು. ಆಮೇಲೆ ಮಾತುಕತೆ ಕುಂಟತೊಡಗಿತು. ಆಗ, 1978ರ ಮಾರ್ಚಿನಲ್ಲಿ, ಇಸ್ರೇಲಿ ಸೇನೆಯ ಮೀಸಲು ಪಡೆಯ 348 ಅಧಿಕಾರಿಗಳು ಮತ್ತು ಸೈನಿಕರು ಪ್ರಧಾನಿ ಬೆಗಿನ್ ಅವರಿಗೆ ಪತ್ರ ಬರೆದರು: ಶಾಂತಿಯ ದಾರಿ ಬಿಡಬೇಡಿ ಎಂದು. ‘ಪೀಸ್ ನೌ’ ಚಳವಳಿ ಹುಟ್ಟಿದ್ದು ಹಾಗೆ. ಸಾವಿರಾರು ಜನ ಬೀದಿಗಿಳಿದರು. ಅದೇ ಸೆಪ್ಟೆಂಬರಿನಲ್ಲಿ ಅಮೆರಿಕದ ಕ್ಯಾಂಪ್ ಡೇವಿಡ್‌ನಲ್ಲಿ ಸಾದತ್ ಮತ್ತು ಬೆಗಿನ್ ನಡುವೆ 13 ದಿನಗಳ ಮಾತುಕತೆ ನಡೆದು, ಸಹಿ ಬಿತ್ತು. ಪತ್ರ ಮೊದಲು ಬಂತು, ಸಹಿ ಆಮೇಲೆ ಬಂತು. ಈ ಕ್ರಮವನ್ನು ದಯವಿಟ್ಟು ನೆನಪಿಡಿ.

ಇಸ್ರೇಲ್ ಮತ್ತು ಪ್ಯಾಲೆಸ್ಟೀನಿಯರ ನಡುವಿನ ಓಸ್ಲೋ ಒಪ್ಪಂದವನ್ನೇ ತೆಗೆದುಕೊಳ್ಳಿ. 1993ರ ಸೆಪ್ಟೆಂಬರ್ 13ರಂದು ಶ್ವೇತಭವನದ ಅಂಗಳದಲ್ಲಿ ಇಸ್ರೇಲಿನ ಪ್ರಧಾನಿ ರಾಬಿನ್ ಮತ್ತು ಪ್ಯಾಲೆಸ್ಟೀನಿಯರ ನಾಯಕ ಅರಾಫತ್ ಕೈಕುಲುಕಿದ ಚಿತ್ರ ಎಲ್ಲರಿಗೂ ಗೊತ್ತು. ಆ ಮಾತುಕತೆಗೆ ನಾರ್ವೆಯಲ್ಲಿ ಇಸ್ರೇಲಿನ ಪರವಾಗಿ ಮೊದಲು ಕುಳಿತವರು ಯಾರು? ಯಾಯಿರ್ ಹಿರ್ಷ್‌ಫೆಲ್ಡ್ ಮತ್ತು ರಾನ್ ಪುಂಡಕ್ ಎಂಬ ಇಬ್ಬರು ವಿದ್ವಾಂಸರು. ಮಂತ್ರಿಗಳಲ್ಲ, ರಾಯಭಾರಿಗಳಲ್ಲ. ಅಧಿಕಾರಸ್ಥರು ಬಂದದ್ದು ತಿಂಗಳುಗಳ ನಂತರ.

ಆಮೇಲೆ ಆದದ್ದನ್ನು ಹೇಳುವಾಗ ಈಗಲೂ ನನಗೆ ಸಂಕಟವಾಗುತ್ತದೆ. 1981ರಲ್ಲಿ ಸಾದತ್ ಅವರನ್ನು ಕೊಂದವರು ಇಸ್ರೇಲಿಗಳಲ್ಲ, ಅವರದೇ ಸೇನೆಯವರು. 1995ರ ನವೆಂಬರ್ 4ರಂದು ಟೆಲ್ ಅವೀವ್‌ನ ಶಾಂತಿ ಸಭೆ ಮುಗಿಸಿ ಹೊರಟ ರಾಬಿನ್ ಅವರಿಗೆ ಗುಂಡಿಕ್ಕಿದವನು ಅರಬನಲ್ಲ, ಒಬ್ಬ ಯಹೂದಿ ಯುವಕ. ಕಾಗದದ ಮೇಲೆ ಶಾಂತಿ ಆಗಿತ್ತು, ಮನೆಗಳೊಳಗೆ ಆಗಿರಲಿಲ್ಲ. ಒಂದು ಕಡೆ ಆಕ್ರಮಿತ ನೆಲದಲ್ಲಿ ಇಸ್ರೇಲಿ ವಸಾಹತುಗಳು ಬೆಳೆಯುತ್ತಲೇ ಇದ್ದವು, ಇನ್ನೊಂದು ಕಡೆ ಬಸ್ಸುಗಳಲ್ಲಿ ಬಾಂಬುಗಳು ಸಿಡಿದವು. ಆ ಮನೆಗಳಿಗೆ ಹೋಗಿ ಮಾತನಾಡುವವರು ಯಾರು? ಪ್ರಧಾನಿಯೇ?

ಹೋದವರು ಇದ್ದಾರೆ. ಇಸ್ರೇಲಿನ ಇಟ್ಜಾಕ್ ಫ್ರಾಂಕೆಂಟಾಲ್ ಅವರ ಮಗನನ್ನು 1994ರಲ್ಲಿ ಪ್ಯಾಲೆಸ್ಟೀನಿನ ಸಶಸ್ತ್ರ ಸಂಘಟನೆ ಹಮಾಸ್ ಅಪಹರಿಸಿ ಕೊಂದಿತು. ಮರುವರ್ಷವೇ ಅವರು ತಮ್ಮಂತೆ ಮಕ್ಕಳನ್ನು ಕಳೆದುಕೊಂಡವರನ್ನು ಹುಡುಕಿಕೊಂಡು ಹೊರಟರು. ಅದೇ ‘ಪೇರೆಂಟ್ಸ್ ಸರ್ಕಲ್’. ಇಂದು ಎರಡೂ ಕಡೆಯ ಆರುನೂರಕ್ಕೂ ಹೆಚ್ಚು ಕುಟುಂಬಗಳು ಅದರಲ್ಲಿವೆ. ಇಸ್ರೇಲಿನ ರಾಮಿ ಎಲ್ಹನಾನ್ ಅವರ ಮಗಳು ಸ್ಮದಾರ್ 1997ರಲ್ಲಿ ಜೆರುಸಲೇಮಿನ ಬಾಂಬ್ ದಾಳಿಯಲ್ಲಿ ಸತ್ತಳು. ಪ್ಯಾಲೆಸ್ಟೀನಿನ ಬಸ್ಸಾಮ್ ಅರಾಮಿನ್ ಅವರ ಹತ್ತು ವರ್ಷದ ಮಗಳು ಅಬೀರ್ 2007ರಲ್ಲಿ ಶಾಲೆಯ ಬಳಿಯೇ ಇಸ್ರೇಲಿ ಗಡಿ ಪೊಲೀಸರ ರಬ್ಬರ್ ಗುಂಡಿಗೆ ಬಲಿಯಾದಳು. ಈ ಇಬ್ಬರು ಅಪ್ಪಂದಿರು ಪರಸ್ಪರ ‘ಸಹೋದರ’ ಎಂದು ಕರೆದುಕೊಳ್ಳುತ್ತಾರೆ, ಜೊತೆಯಾಗಿ ಊರೂರು ಸುತ್ತಿ ಮಾತನಾಡುತ್ತಾರೆ. ಇದನ್ನು ನೀವು ‘ಕುಳಿತು ಅಳುವುದು’ ಎಂದಿರಲ್ಲ, ಅದರಿಂದ ನನಗೆ ತುಂಬ ನೋವಾಯಿತು.

‘ಶತ್ರುವಿನ ಜೊತೆ ಕುಳಿತರೆ ಇಸ್ರೇಲ್ ನಮ್ಮ ನೆಲವನ್ನು ಆಕ್ರಮಿಸಿಕೊಂಡಿರುವುದನ್ನು ಒಪ್ಪಿಕೊಂಡಂತೆ’ ಎಂದು ಕೆಲವು ಪ್ಯಾಲೆಸ್ಟೀನಿಯರೂ ಆಕ್ಷೇಪಿಸುತ್ತಾರೆ. ಬಸ್ಸಾಮ್ ಹದಿಹರೆಯದಲ್ಲೇ ಇಸ್ರೇಲಿ ಜೈಲಿಗೆ ಹೋಗಿ ಏಳು ವರ್ಷ ಕಳೆದವರು. ಆಕ್ರಮಣ ಎಂದರೇನು ಎಂದು ಅವರಿಗೆ ಯಾರು ಪಾಠ ಹೇಳಬೇಕು? ‘ಇವರಿಂದ ಪ್ರಯೋಜನವಿಲ್ಲ’ ಎನ್ನುವವರಿಗೆ ಇನ್ನೊಂದು ಪ್ರಶ್ನೆ: ಪ್ರಯೋಜನವಿಲ್ಲದಿದ್ದರೆ 2023ರಲ್ಲಿ ಇಸ್ರೇಲಿನ ಶಿಕ್ಷಣ ಸಚಿವಾಲಯ ಈ ಸಂಘಟನೆ ಶಾಲೆಗಳಿಗೆ ಹೋಗದಂತೆ ಏಕೆ ತಡೆಯಿತು?

ನಡುವೆ ಒಂದು ಮಾತು. ಈ ವಾಹಿನಿಗೆ ಯಾವ ಜಾಹೀರಾತುದಾರರೂ ಇಲ್ಲ. ಚಂದಾದಾರರಾಗಿ, ನಿಮ್ಮ ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸಿ. ಇಸ್ರೇಲಿನಲ್ಲಿ ವೃದ್ಧರ ಆರೈಕೆಗೆ ಹೋಗಿರುವ ನಮ್ಮ ಕರಾವಳಿಯ ಅಕ್ಕ, ಅಣ್ಣಂದಿರು ಇದನ್ನು ಕೇಳುತ್ತಿದ್ದರೆ ನನಗೆ ಬರೆಯಿರಿ. ಸೈರನ್ ಮೊಳಗಿದಾಗ ಅಜ್ಜಿಯನ್ನು ಹಿಡಿದುಕೊಂಡು ಆಶ್ರಯದ ಕೋಣೆಗೆ ಓಡುವ ನಿಮಗೆ ಗೊತ್ತಿರುವುದು ಸುದ್ದಿವಾಹಿನಿಯ ಚರ್ಚೆಯಲ್ಲಿ ಕೂಗಾಡುವವರಿಗೆ ಗೊತ್ತಿಲ್ಲ.

ಈಗ ಕಾರಿನ ಕಥೆ. ಇಸ್ರೇಲಿನ ಯುವಾಲ್ ರಾತ್ ಅವರ ಸಹೋದರನನ್ನು 1993ರಲ್ಲಿ ಹಮಾಸ್ ಕೊಂದಿತು. ಮುಂದೆ ಪೇರೆಂಟ್ಸ್ ಸರ್ಕಲ್‌ನಲ್ಲಿ ಪರಿಚಯವಾದ ಪ್ಯಾಲೆಸ್ಟೀನಿಯರೊಬ್ಬರು ಕೇಳಿದರು: ನನ್ನ ತಮ್ಮನಿಗೆ ಕಾಯಿಲೆ, ಹೈಫಾದ ಆಸ್ಪತ್ರೆಗೆ ಕರೆದೊಯ್ಯುವಿರಾ? ಪ್ಯಾಲೆಸ್ಟೀನಿ ನೋಂದಣಿಯ ಕಾರು ಇಸ್ರೇಲಿನೊಳಗೆ ಬರುವಂತಿಲ್ಲ. ಟ್ಯಾಕ್ಸಿ ಬಾಡಿಗೆ ಬಡವರ ಕೈಗೆಟುಕುವುದಿಲ್ಲ. ಯುವಾಲ್ ಹೋದರು. ಇನ್ನೊಬ್ಬರು ಕೇಳಿದರು, ಮತ್ತೆ ಹೋದರು. ‘ಚೇತರಿಕೆಯ ಹಾದಿ’ ಎಂಬ ಸಂಸ್ಥೆ ಹುಟ್ಟಿದ್ದು ಹಾಗೆ. ನೂರಾರು ಸ್ವಯಂಸೇವಕರು ನಸುಕಿನಲ್ಲೇ ತಪಾಸಣಾ ಠಾಣೆಗೆ ಬಂದು ನಿಲ್ಲುತ್ತಾರೆ. ಕ್ಯಾನ್ಸರ್ ಇರುವ ಮಗು, ಜೊತೆಗೆ ತಾಯಿಯೋ ಅಜ್ಜಿಯೋ. ಭಾಷೆ ಬರದಿದ್ದರೂ ಒಂದು ಗಂಟೆ ಒಂದೇ ಕಾರಿನಲ್ಲಿ. ಯಾವ ರಾಯಭಾರಿ ಈ ಒಂದು ಗಂಟೆಯನ್ನು ಕೊಡಬಲ್ಲ?

ಹಾಗೆ ಗಾಜಾದ ರೋಗಿಗಳನ್ನು ಕರೆದೊಯ್ಯುತ್ತಿದ್ದವರಲ್ಲಿ ವಿವಿಯನ್ ಸಿಲ್ವರ್ ಒಬ್ಬರು. 2014ರ ಗಾಜಾ ಯುದ್ಧದ ನಂತರ ‘ವಿಮೆನ್ ವೇಜ್ ಪೀಸ್’ ಕಟ್ಟಿದವರಲ್ಲೂ ಅವರಿದ್ದರು. 2023ರ ಅಕ್ಟೋಬರ್ 4ರಂದು ಆ ಹೆಂಗಸರು ಪ್ಯಾಲೆಸ್ಟೀನಿನ ‘ವಿಮೆನ್ ಆಫ್ ದಿ ಸನ್’ ಸಂಘಟನೆಯೊಂದಿಗೆ ಸೇರಿ ಶಾಂತಿಗಾಗಿ ಸಭೆ ನಡೆಸಿದರು. ಮೂರೇ ದಿನಗಳ ನಂತರ, ಅಕ್ಟೋಬರ್ 7ರ ಹಮಾಸ್ ದಾಳಿಯಲ್ಲಿ, ಗಾಜಾ ಗಡಿಯ ಬಳಿಯ ಬೇರಿ ಎಂಬ ಕಿಬ್ಬುತ್ಸಿನ (ಸಾಮುದಾಯಿಕ ಹಳ್ಳಿಯ) ತಮ್ಮ ಮನೆಯಲ್ಲೇ ವಿವಿಯನ್ ಹತರಾದರು. ವಯಸ್ಸು 74. ‘ನೋಡಿ, ಇದೇ ಅವರಿಗೆ ಸಿಕ್ಕ ಫಲ’ ಎಂದು ಬರೆದವರೂ ಇದ್ದಾರೆ. ನಿಮಗೆ ನಾಚಿಕೆಯಾಗಬೇಕು! ಅವರ ಮಗ ಯೋನತನ್ ಅಮ್ಮ ಬಿಟ್ಟುಹೋದ ಕೆಲಸವನ್ನೇ ಕೈಗೆತ್ತಿಕೊಂಡಿದ್ದಾರೆ. ಪಶ್ಚಿಮ ದಂಡೆಯ ರೋಗಿಗಳಿಗಾಗಿ ಆ ಕಾರುಗಳು ಮತ್ತೆ ಓಡಿದವು. ಗಾಜಾದಲ್ಲಿ ಹತ್ತಾರು ಸಾವಿರ ಜನ ಸತ್ತ ಕಾಲದಲ್ಲೂ ಓಡಿದವು.

ಇಸ್ರೇಲ್ ಕೆಲವು ಅರಬ್ ದೇಶಗಳೊಂದಿಗೆ ಮಾಡಿಕೊಂಡ 2020ರ ಅಬ್ರಹಾಂ ಒಪ್ಪಂದವನ್ನು ಹೊಗಳಿ ಬರೆದವರಿಗೆ ನನ್ನ ಉತ್ತರ ಚಿಕ್ಕದು. ಎಮಿರೇಟ್ಸ್ ಇತ್ತು, ಬಹರೇನ್ ಇತ್ತು; ಪ್ಯಾಲೆಸ್ಟೀನಿಯರು ಎಲ್ಲಿದ್ದರು? ಸಹಿ ಇತ್ತು, ಜನ ಇರಲಿಲ್ಲ. ಇನ್ನೆಷ್ಟು ಸಲ ಹೇಳಬೇಕು?

ಇವರಿಂದ ಏನಾಯಿತು ಎಂದು ಕೇಳಿದಿರಿ. ಒಂದು ಮಗು ಆಸ್ಪತ್ರೆ ತಲುಪಿತು. ಮರುದಿನ ಇನ್ನೊಂದು ತಲುಪಿತು. ನಾನು ಇನ್ನೂ ಕೋಪದಲ್ಲಿದ್ದೇನೆ, ಆದ್ದರಿಂದ ಇಲ್ಲಿಗೆ ನಿಲ್ಲಿಸುತ್ತೇನೆ. ಮುಂದಿನ ವಾರ ಜೋರ್ಡಾನ್ ನದಿಯ ನೀರಿಗಾಗಿ ಜೋರ್ಡಾನ್, ಪ್ಯಾಲೆಸ್ಟೀನ್, ಇಸ್ರೇಲಿನ ಜನರನ್ನು ಒಟ್ಟುಗೂಡಿಸಿದ ‘ಇಕೋಪೀಸ್’ ಬಗ್ಗೆ ಮಾತನಾಡುತ್ತೇನೆ. ಟಿಪ್ಪಣಿ ಬರೆದವರೇ, ನೀವೂ ಬನ್ನಿ.